ಆಕಾಶವಾಣಿಯಲ್ಲಿ ಅರ್ಧ ಗಂಟೆಯೋ, ಊರಿನದೇ ರೇಡಿಯೊವೋ? ರೊಕ್ಕ, ಸ್ವಾತಂತ್ರ್ಯ, ಅಲೆ ಮುಟ್ಟುವ ದೂರ ತೂಗಿ ನೋಡುವ ಬಗೆ

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಯಾವುದಾದರೂ ಸಂಘವೋ ಕಾಲೇಜೋ ಕೃಷಿ ವಿಜ್ಞಾನ ಕೇಂದ್ರವೋ ‘ನಮ್ಮದೂ ಒಂದು ರೇಡಿಯೊ ಮಾಡೋಣ’ ಎಂದು ಸಭೆ ಕರೆದರೆ ಏಳುವ ಮೊದಲ ಪ್ರಶ್ನೆ, ಯಂತ್ರಕ್ಕೆ ಎಷ್ಟು ಎಂಬುದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಂತ್ರ ಒಮ್ಮೆ ಕೊಂಡರೆ ಆಯಿತು, ಅದಕ್ಕೆ ಕೇಂದ್ರ ಸರ್ಕಾರದ ನೆರವೂ ಇದೆ. ತೊಡಕು ಶುರುವಾಗುವುದು ಹದಿಮೂರನೇ ತಿಂಗಳಿಗೆ. ಉದ್ಘಾಟನೆಯ ಹಾರ ಒಣಗಿರುತ್ತದೆ, ಹೆಸ್ಕಾಂನ ಕರೆಂಟ್ ಬಿಲ್ಲು ಬಂದಿರುತ್ತದೆ, ನಿರೂಪಕಿಯ ಸಂಬಳ ಎರಡು ತಿಂಗಳು ನಿಂತಿರುತ್ತದೆ. ಆಗ ಯಾರೋ ಒಬ್ಬರು ‘ನಾನು ಕೊಡ್ತೀನಿ ಬಿಡ್ರಿ’ ಎಂದು ಬರುತ್ತಾರೆ. ಅವರು ಯಾರು ಎಂಬುದರ ಮೇಲೆ ಆ ರೇಡಿಯೊ ಮುಂದೆ ಏನು ಹೇಳುತ್ತದೆ, ಯಾವುದಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ನಿಂತಿದೆ.

ಆದ್ದರಿಂದ ಇಲ್ಲಿ ಲೆಕ್ಕ ಹಿಂದಿನಿಂದ ಮುಂದಕ್ಕೆ: ಮೊದಲು ತಿಂಗಳ ಖರ್ಚು ಯಾರದು, ಆಮೇಲೆ ಹಿಡಿತ ಯಾರದು, ಆಮೇಲೆ ಅಲೆ ಎಷ್ಟು ದೂರ.

ಕೈಗೆಟಕುವ ದಾರಿಗಳು ನಾಲ್ಕು. ಒಂದು, ಆಕಾಶವಾಣಿಯ ಧಾರವಾಡ ಅಥವಾ ವಿಜಯಪುರ ಕೇಂದ್ರದಲ್ಲಿ ಸಮಯ ಪಡೆಯುವುದು. ಎರಡು, ಸ್ವಂತ ಸಮುದಾಯ ರೇಡಿಯೊ, ಅಂದರೆ ಊರ ಸುತ್ತಲಿನವರಿಗಾಗಿ ಸಂಸ್ಥೆಯೇ ನಡೆಸುವ ಸಣ್ಣ ಕೇಂದ್ರ. ಮೂರು, ಖಾಸಗಿ ಎಫ್‌ಎಂನಲ್ಲಿ ಜಾಹೀರಾತಿನ ಸಮಯ ಕೊಳ್ಳುವುದು. ನಾಲ್ಕು, ಫೋನು: ಯೂಟ್ಯೂಬ್, ವಾಟ್ಸ್ಆ್ಯಪ್ ಆಡಿಯೊ, ಇಲ್ಲವೇ ಕರೆ ಮಾಡಿದರೆ ಧ್ವನಿ ಕೇಳಿಸುವ ವ್ಯವಸ್ಥೆ. ಮೂರನೆಯದನ್ನು ಇಲ್ಲೇ ಮುಗಿಸೋಣ. ಸೀರೆ ಅಂಗಡಿಗೆ, ಕೋಚಿಂಗ್ ಕ್ಲಾಸಿಗೆ ಅದು ಸರಿ. ದಿನವೂ ಮಾತಾಡಬೇಕಾದ ಸಂಘಕ್ಕೆ ಅಲ್ಲ. ಸೆಕೆಂಡಿನ ಲೆಕ್ಕದಲ್ಲಿ ರೊಕ್ಕ ಕೊಟ್ಟು ಮಾತಾಡಿದ್ದು ಜಾಹೀರಾತಾಗಿಯೇ ಉಳಿಯುತ್ತದೆ.

ಯಾರ ಜೇಬಿನ ರೊಕ್ಕ

ಹಳೆಯ ಮನೆಗಳ ಟ್ರಂಕಿನ ತಳದಲ್ಲಿ ಇನ್ನೂ ಸಿಗುವ ವಸ್ತು ರೇಡಿಯೊ ಲೈಸನ್ಸ್ ಪುಸ್ತಕ. ಅಂಚೆ ಕಚೇರಿಯಲ್ಲಿ ವರ್ಷದ ಶುಲ್ಕ ಕಟ್ಟಿದರೆ ಅದರ ಹಾಳೆಗೆ ಲೈಸನ್ಸ್ ಸ್ಟಾಂಪು ಅಂಟಿಸಿ ದುಂಡನೆಯ ಮುದ್ರೆ ಒತ್ತಿ ಕೊಡುತ್ತಿದ್ದರು. 1980ರ ದಶಕದ ನಡುವೆ ಆ ಶುಲ್ಕ ರದ್ದಾಯಿತು. ಜನರಿಗೆ ಖುಷಿಯೇ. ಆದರೆ ಅಂದಿನಿಂದ ಕೇಳುಗ ನೇರವಾಗಿ ಆಕಾಶವಾಣಿಗೆ ಕೊಡುತ್ತಿದ್ದ ಏಕೈಕ ರೊಕ್ಕವೂ ನಿಂತಿತು. ಉಳಿದದ್ದು ಸರ್ಕಾರದ ಬಜೆಟ್ಟು, ಜಾಹೀರಾತು. 1990ರಲ್ಲಿ ಸಂಸತ್ತು ಒಪ್ಪಿದ ಪ್ರಸಾರ ಭಾರತಿ ಕಾಯ್ದೆ ಜಾರಿಗೆ ಬಂದದ್ದು 1997ರಲ್ಲಿ. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಕಾಗದದ ಮೇಲೆ ಸ್ವಾಯತ್ತ ನಿಗಮ. ಸಿಬ್ಬಂದಿಯ ಸಂಬಳಕ್ಕೆ ಮಾತ್ರ ಇವತ್ತಿಗೂ ಕೇಂದ್ರದ ಅನುದಾನವೇ ಆಧಾರ, ಯಂತ್ರೋಪಕರಣಕ್ಕೂ ಅಷ್ಟೇ. 2025-26ರವರೆಗಿನ ಮೂಲಸೌಕರ್ಯ ಯೋಜನೆಗೆ ಗೊತ್ತುಪಡಿಸಿದ ₹2,539.61 ಕೋಟಿ ಬಂದದ್ದೂ ಅಲ್ಲಿಂದಲೇ.

ಬಡ ದೇಶಗಳಲ್ಲಿ ಲೈಸನ್ಸ್ ಶುಲ್ಕ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಆಫ್ರಿಕದ ಎರಡು ಉದಾಹರಣೆ ಸಾಕು. ಘಾನಾದಲ್ಲಿ 1960ರ ದಶಕದ ಕಾನೂನಿನಂತೆ ಟಿವಿ ಶುಲ್ಕವಿತ್ತು. ಬೆಲೆ ಏರಿಕೆಯಲ್ಲಿ ಆ ಮೊತ್ತ ಕರಗಿ, ವಸೂಲಿಗೆ ತಗಲುವ ಖರ್ಚೇ ಹೆಚ್ಚಾಯಿತು. 2015ರಲ್ಲಿ ಮನೆಗೆ ವರ್ಷಕ್ಕೆ 36 ಸೆಡಿ ಎಂದು ಹೊಸದಾಗಿ ಶುರು ಮಾಡಿ, ಕಟ್ಟದವರಿಗಾಗಿ ವಿಶೇಷ ನ್ಯಾಯಾಲಯದ ಮಾತು ತೆಗೆದಾಗ ಜನ ಸಿಟ್ಟಿಗೆದ್ದರು. ದಕ್ಷಿಣ ಆಫ್ರಿಕದಲ್ಲಿ ಶುಲ್ಕ ವರ್ಷಕ್ಕೆ 265 ರ‍್ಯಾಂಡ್. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ಕಟ್ಟುತ್ತಿಲ್ಲ. ಮನೆ ಮನೆಗೆ ಹೋಗಿ ಸಣ್ಣ ಮೊತ್ತ ವಸೂಲು ಮಾಡುವ ಕೆಲಸ ಎಲ್ಲೇ ಆಗಲಿ ಹೀಗೆಯೇ ಕೊನೆಯಾಗುತ್ತದೆ. ಊರಿನ ನೀರಿನ ಕರ ವಸೂಲಿಗೆ ಓಡಾಡುವ ಬಿಲ್ ಕಲೆಕ್ಟರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಪಾಕಿಸ್ತಾನದವರು ಜಾಣ ದಾರಿ ಹುಡುಕಿದ್ದರು: ಕರೆಂಟ್ ಬಿಲ್ಲಿನಲ್ಲೇ ಟಿವಿ ಶುಲ್ಕವೆಂದು ತಿಂಗಳಿಗೆ 35 ರೂಪಾಯಿ ಸೇರಿಸಿದರು. ವಸೂಲಿ ಚೆನ್ನಾಯಿತು, ಏಕೆಂದರೆ ಕಟ್ಟದಿದ್ದರೆ ದೀಪ ಆರುತ್ತದೆ. ಆದರೆ ನೋಡದವರೂ ಕೊಡಬೇಕಾದ ರೊಕ್ಕ ಯಾವತ್ತೂ ಅಸಮಾಧಾನದ ಮೇಲೆ ನಿಂತಿರುತ್ತದೆ. 2025ರಲ್ಲಿ ಅಲ್ಲಿನ ಪ್ರಧಾನಿಯೇ ಅದನ್ನು ಬಿಲ್ಲಿನಿಂದ ತೆಗೆಯುವುದಾಗಿ ಘೋಷಿಸಿದರು. ಸರ್ಕಾರ ಒಂದು ಮಾತಿನಿಂದ ಸೇರಿಸಬಹುದಾದದ್ದನ್ನು ಒಂದು ಮಾತಿನಿಂದ ತೆಗೆಯಲೂಬಹುದು.

ನಮ್ಮ ಲೆಕ್ಕದಲ್ಲಿ ಈ ಗುಂಪಿನಲ್ಲಿ ಗಟ್ಟಿಯಾದದ್ದು ಥಾಯ್ಲೆಂಡಿನದು. 2008ರ ಕಾನೂನಿನಂತೆ ಮದ್ಯ ಮತ್ತು ತಂಬಾಕಿನ ತೆರಿಗೆಯ ಶೇ 1.5ರಷ್ಟು, ವರ್ಷಕ್ಕೆ 200 ಕೋಟಿ ಬಾತ್ ಮೀರದಂತೆ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಥಾಯ್ ಪಿಬಿಎಸ್‌ಗೆ ಹೋಗುತ್ತದೆ. ಪ್ರತಿ ವರ್ಷ ಬಜೆಟ್ಟಿನ ಮುಂದೆ ಕೈಯೊಡ್ಡಬೇಕಿಲ್ಲ. ಮಂತ್ರಿಗೆ ಸಿಟ್ಟು ಬಂದರೂ ಆ ವರ್ಷದ ರೊಕ್ಕ ಬರುತ್ತದೆ. ಹೆಂಡದ ದುಡ್ಡಿನಲ್ಲಿ ಸಾರ್ವಜನಿಕ ಪ್ರಸಾರ ನಡೆಯುವುದು ನಮ್ಮಲ್ಲಿ ಕೆಲವರಿಗೆ ಮುಜುಗರ ತಂದೀತು. ಆದರೆ ಮುಖ್ಯವಾದದ್ದು ರೊಕ್ಕ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದನ್ನು ನಿಲ್ಲಿಸಲು ಎಷ್ಟು ಜನ ಒಪ್ಪಬೇಕು ಎನ್ನುವುದು. ಸಣ್ಣ ಸಂಘಕ್ಕೂ ಇದೇ ಅಳತೆ. ಒಬ್ಬರ ಸಹಿಯಿಂದ ನಿಲ್ಲುವ ರೊಕ್ಕ ದುರ್ಬಲ, ನೂರು ಮನೆಯವರು ಬೇಡವೆಂದರೆ ಮಾತ್ರ ನಿಲ್ಲುವ ರೊಕ್ಕ ಗಟ್ಟಿ. ಬೊಲಿವಿಯಾದ ತವರದ ಗಣಿ ಕಾರ್ಮಿಕರು 1940ರ ದಶಕದ ಕೊನೆಯಿಂದ ತಮ್ಮ ಯೂನಿಯನ್ನಿನ ವಂತಿಗೆಯಿಂದಲೇ ರೇಡಿಯೊ ನಡೆಸಿದರು. ಅವನ್ನು ಮುಚ್ಚಿಸಲು ಸೈನ್ಯವೇ ಬರಬೇಕಾಯಿತು.

ಸಮುದಾಯ ರೇಡಿಯೊಗೆ ನಮ್ಮಲ್ಲಿ ಜಾಹೀರಾತು ಹಾಕಲು ಅನುಮತಿ ಇದೆ. ಕೇಂದ್ರದ 2024ರ ಪರಿಷ್ಕೃತ ಸಮುದಾಯ ರೇಡಿಯೊ ನೀತಿ ಗಂಟೆಗೆ 7 ನಿಮಿಷ ಇದ್ದದ್ದನ್ನು 12ಕ್ಕೆ ಏರಿಸಿತು, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ ₹52 ಇದ್ದದ್ದು ₹74 ಆಯಿತು. ಕಾಗದದ ಮೇಲೆ ಇದು ಸೊಗಸು: ಗಂಟೆಗೆ 72 ತುಣುಕು, ₹5,328. ಈಗ ನೆಲಕ್ಕಿಳಿಯೋಣ. ಮೂವರು ಕೆಲಸಗಾರರು, ಕರೆಂಟು, ಬಾಡಿಗೆ, ದುರಸ್ತಿ ಎಲ್ಲ ಸೇರಿ ತಿಂಗಳಿಗೆ ₹80,000 ಎಂದು ಇಟ್ಟುಕೊಳ್ಳಿ. ಅದಕ್ಕೆ ತಿಂಗಳಿಗೆ ಸುಮಾರು 1,080 ತುಣುಕು, ಅಂದರೆ ದಿನಕ್ಕೆ 36 ತುಣುಕು, ಬರೀ 6 ನಿಮಿಷ ಸಾಕು. ಇಷ್ಟೇನಾ ಅನ್ನಿಸುತ್ತದೆ. ತೊಡಕು ಇರುವುದು ಎರಡು ಕಡೆ: ಸರ್ಕಾರಿ ಜಾಹೀರಾತು ಪ್ರಚಾರ ಅಭಿಯಾನ ಇದ್ದಾಗ ಬರುತ್ತದೆ, ಇಲ್ಲದಾಗ ತಿಂಗಳುಗಟ್ಟಲೆ ಇಲ್ಲ, ಬಂದದ್ದರ ಬಿಲ್ಲೂ ತಡವಾಗಿ ಪಾಸಾಗುತ್ತದೆ. ಆದ್ದರಿಂದ ಜಾಹೀರಾತನ್ನು ಸಂಬಳಕ್ಕೆ ಲೆಕ್ಕ ಹಾಕಬೇಡಿ, ದುರಸ್ತಿಗೆ ಹಾಕಿ.

ಸ್ಥಳೀಯ ಜಾಹೀರಾತಿನ ಗುಣ ಬೇರೆ. ಅಲ್ಲಿ ರೊಕ್ಕ ಬೇಗ ಬರುತ್ತದೆ, ಕಿವಿಯೂ ಬೇಗ ಹಿಂಡುತ್ತದೆ. ಮಹಾಲಿಂಗಪುರ, ಜಮಖಂಡಿ, ಚಿಕ್ಕೋಡಿ ಕಡೆ ರೇಡಿಯೊ ಮಾಡಿದರೆ ಕೇಳುಗರಲ್ಲಿ ಬಹುಪಾಲು ಕಬ್ಬಿನವರು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ಲು ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ರೈತನಿಗೆ ತಿಳಿಸಬೇಕಾದ ಮೊದಲ ಮಾಹಿತಿಯೇ ಇದು. ಬೆಳಗಿನ ಕಾರ್ಯಕ್ರಮದ ದೊಡ್ಡ ಜಾಹೀರಾತುದಾರ ಒಂದು ಸಕ್ಕರೆ ಕಾರ್ಖಾನೆಯಾಗಿದ್ದರೆ ಈ ಎರಡು ವಾಕ್ಯ ಓದುವ ನಿರೂಪಕನ ಗಂಟಲು ತಾನಾಗಿ ಒಣಗುತ್ತದೆ. ಯಾರೂ ಫೋನು ಮಾಡಿ ಬೆದರಿಸಬೇಕಿಲ್ಲ. ದ್ರಾಕ್ಷಿ, ದಾಳಿಂಬೆ ಬೆಳೆಯುವ ತಿಕೋಟಾ ಭಾಗದಲ್ಲಿ ಇದೇ ಪಾತ್ರ ಔಷಧದ ಅಂಗಡಿಯದು: ‘ಈ ವಾರ ಸಿಂಪಡಣೆ ಬೇಡ’ ಎಂದು ಹೇಳುವ ಧೈರ್ಯ ಆ ಅಂಗಡಿಯ ರೊಕ್ಕ ತಿನ್ನುವ ಕಾರ್ಯಕ್ರಮಕ್ಕೆ ಇರುವುದಿಲ್ಲ.

ಅದಕ್ಕೇ ಒಂದು ಕಟ್ಟುಪಾಡು: ವರ್ಷದ ಆದಾಯದಲ್ಲಿ ಯಾವ ಒಬ್ಬರ ಪಾಲೂ ಮೂರನೇ ಒಂದು ಭಾಗ ಮೀರಬಾರದು. ಮಾತೃಸಂಸ್ಥೆಯ ಪಾಲನ್ನೂ ಇದರಲ್ಲಿ ಸೇರಿಸಿ. ಕೊಡುವವರ ಹೆಸರು ಪಟ್ಟಿ ಮಾಡಿ, ಪ್ರತಿ ಹೆಸರಿನ ಎದುರು ‘ಇವರು ನಿಲ್ಲಿಸಿದರೆ ಎಷ್ಟು ವಾರ ನಡೆಯುತ್ತೇವೆ’ ಎಂದು ಬರೆಯಿರಿ. ಎಂಟು ವಾರಕ್ಕಿಂತ ಕಡಿಮೆ ಬಂದರೆ ಸ್ವಂತ ರೇಡಿಯೊ ಈ ವರ್ಷ ಬೇಡ, ಆಕಾಶವಾಣಿಯ ದಾರಿ ಹಿಡಿಯಿರಿ.

ಹಿಡಿತ

ರೊಕ್ಕವೊಂದೇ ಕಡಿವಾಣವಲ್ಲ. ದಕ್ಷಿಣ ಆಫ್ರಿಕದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ಎಬಿಸಿಗೆ ಸರ್ಕಾರದ ನೇರ ಅನುದಾನ ತೀರಾ ಕಡಿಮೆ, ಹೆಚ್ಚು ಆದಾಯ ಜಾಹೀರಾತಿನದು. ಆದರೂ 2016ರಲ್ಲಿ ಹಿಂಸಾತ್ಮಕ ಪ್ರತಿಭಟನೆಗಳ ದೃಶ್ಯ ತೋರಿಸಬಾರದು ಎಂದು ಅದರ ಆಡಳಿತವೇ ಆದೇಶಿಸಿತು, ವಿರೋಧಿಸಿದ 8 ಪತ್ರಕರ್ತರನ್ನು ಕೆಲಸದಿಂದ ತೆಗೆಯಿತು. ಹಿಡಿತ ಇದ್ದದ್ದು ಮೇಲಿನವರನ್ನು ನೇಮಿಸುವ ಕೈಯಲ್ಲಿ. ಬ್ರೆಜಿಲ್‌ನಲ್ಲಿ 2007ರಲ್ಲಿ ಇಬಿಸಿ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ ಕಟ್ಟಿದಾಗ ನಾಗರಿಕರೇ ಹೆಚ್ಚಿರುವ ಒಂದು ಮಂಡಳಿ ಅದರ ಮೇಲೆ ಕಣ್ಣಿಡಬೇಕೆಂದು ಕಾನೂನು ಮಾಡಿದ್ದರು. 2016ರಲ್ಲಿ ಹೊಸ ಅಧ್ಯಕ್ಷರ ಒಂದು ತುರ್ತು ಆದೇಶ ಆ ಮಂಡಳಿಯನ್ನೇ ರದ್ದು ಮಾಡಿತು. ಕಟ್ಟಡ, ಯಂತ್ರ, ಸಿಬ್ಬಂದಿ ಎಲ್ಲ ಅಲ್ಲೇ ಇದ್ದವು.

ನಮ್ಮಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ ಕಿಶೋರ್ ಕುಮಾರ್ ಹಾಡುಗಳು ಆಕಾಶವಾಣಿಯಿಂದ ಮಾಯವಾದದ್ದು ಹಳಬರಿಗೆ ನೆನಪಿದೆ. ಇವತ್ತು ಸಂಘವೊಂದು ಆಕಾಶವಾಣಿಯಲ್ಲಿ ಕಾರ್ಯಕ್ರಮ ಮಾಡಲು ಹೋದರೆ ಅಂಥ ದೊಡ್ಡ ಅಡ್ಡಿಯೇನೂ ಎದುರಾಗುವುದಿಲ್ಲ, ಎದುರಾಗುವುದು ಸ್ಕ್ರಿಪ್ಟು. ಪ್ರಾಯೋಜಿತ ಕಾರ್ಯಕ್ರಮವಾದರೆ ಪಠ್ಯ ಅಥವಾ ಧ್ವನಿಮುದ್ರಣ ಮೊದಲೇ ಕೊಡಬೇಕು, ಅಧಿಕಾರಿಯೊಬ್ಬರು ಪ್ರಸಾರ ಸಂಹಿತೆಗೆ (ಏನು ಆಡಬಹುದು, ಏನು ಆಡಬಾರದು ಎಂಬ ನಿಯಮಾವಳಿಗೆ) ಹೊಂದಿಸಿ ನೋಡುತ್ತಾರೆ. ಸಮುದಾಯ ರೇಡಿಯೊಗೂ ಅದೇ ಸಂಹಿತೆ ಅನ್ವಯಿಸುತ್ತದೆ ಎಂಬುದನ್ನು ಎಷ್ಟೋ ಮಂದಿ ಮರೆಯುತ್ತಾರೆ. ವ್ಯತ್ಯಾಸ ಇಷ್ಟೇ: ಅಲ್ಲಿ ಆಡುವ ಮೊದಲು ಬೇರೆಯವರು ನೋಡುತ್ತಾರೆ, ಇಲ್ಲಿ ಆಡಿದ ಮೇಲೆ ನೀವೇ ಉತ್ತರ ಕೊಡಬೇಕು. ಅನುಭವವಿಲ್ಲದ ತಂಡಕ್ಕೆ ಮೊದಲನೆಯದು ನೆಮ್ಮದಿ, ಪಳಗಿದ ತಂಡಕ್ಕೆ ಕಿರಿಕಿರಿ.

ಸುದ್ದಿಯ ವಿಷಯದಲ್ಲಿ ಮಾತ್ರ ಸ್ವಂತ ರೇಡಿಯೊ ಅನ್ನುವುದು ಹೆಸರಿಗಷ್ಟೇ ಸ್ವಂತ. ಸಮುದಾಯ ರೇಡಿಯೊ ತನ್ನದೇ ಸುದ್ದಿ, ರಾಜಕೀಯ ವಿದ್ಯಮಾನ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಹವಾಮಾನ, ಸಂಚಾರ, ಜಾತ್ರೆ-ಉತ್ಸವ, ಪರೀಕ್ಷೆ-ಪ್ರವೇಶ, ಉದ್ಯೋಗ ಮಾಹಿತಿ, ಆಡಳಿತ ಕೊಡುವ ನೀರು-ವಿದ್ಯುತ್-ವಿಪತ್ತು-ಆರೋಗ್ಯದ ಪ್ರಕಟಣೆ ಇವನ್ನು ನೀತಿ ಸುದ್ದಿಯಲ್ಲವೆಂದು ಬಿಟ್ಟಿದೆ. ಕೃಷ್ಣಾ ತೀರದಲ್ಲಿ ಈ ಪಟ್ಟಿ ಬಂಗಾರ. 2019ರ ಆಗಸ್ಟ್ ಪ್ರವಾಹದಂಥ ವಾರದಲ್ಲಿ ಆಲಮಟ್ಟಿಯ ಮಟ್ಟ ಎಷ್ಟು (ಪೂರ್ಣ ಮಟ್ಟ 519.6 ಮೀಟರ್), ಹಿಡಕಲ್ ಮತ್ತು ನವಿಲುತೀರ್ಥ ಜಲಾಶಯಗಳಿಂದ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ಯಾವ ಸೇತುವೆ ಮುಳುಗಿದೆ, ಕಾಳಜಿ ಕೇಂದ್ರ ಎಲ್ಲಿದೆ ಎಂದು ಜಿಲ್ಲಾಡಳಿತದ ಪ್ರಕಟಣೆಯನ್ನು ಗಂಟೆಗೊಮ್ಮೆ ಓದಿದರೆ ನಿಯಮವೂ ಮುರಿಯುವುದಿಲ್ಲ, ಜೀವವೂ ಉಳಿಯುತ್ತದೆ. ತಪ್ಪಾಗುವುದು ಎಲ್ಲಿ ಅಂದರೆ, ಓದಿ ಮುಗಿಸಿದ ನಿರೂಪಕ ‘ನೀರು ಮೊದಲೇ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ತನ್ನದೊಂದು ವಾಕ್ಯ ಸೇರಿಸಿದಾಗ. ಆ ವಾಕ್ಯ ಎಷ್ಟೇ ನಿಜವಿರಲಿ, ಅದು ಸುದ್ದಿ ವಿಶ್ಲೇಷಣೆ.

ನೇಪಾಳದಲ್ಲಿ 2005ರ ಫೆಬ್ರವರಿಯಲ್ಲಿ ದೊರೆ ಅಧಿಕಾರ ಕೈಗೆತ್ತಿಕೊಂಡು ಎಫ್‌ಎಂ ಕೇಂದ್ರಗಳ ಸುದ್ದಿ ನಿಲ್ಲಿಸಿದಾಗ ಅವು ಪ್ರತಿಭಟಿಸಿದವು, ಕೋರ್ಟಿಗೆ ಹೋದವು, ಕೆಲವು ತಿಂಗಳಲ್ಲಿ ಮತ್ತೆ ಸುದ್ದಿ ಓದತೊಡಗಿದವು. 1997ರಲ್ಲಿ ರೇಡಿಯೊ ಸಾಗರಮಾಥಾ 102.4 ಮೆಗಾಹರ್ಟ್ಸ್‌ನಲ್ಲಿ ಶುರುವಾದ ಮೇಲೆ ಎಂಟು ವರ್ಷ ಕಟ್ಟಿದ ಬಲ ಅದು. ನಮ್ಮಲ್ಲೂ ಒಗ್ಗಟ್ಟಿನ ಒಂದು ಸಣ್ಣ ಉದಾಹರಣೆ ಇದೆ: 2012ರಲ್ಲಿ ಸಮುದಾಯ ರೇಡಿಯೊಗಳ ತರಂಗ ಶುಲ್ಕವನ್ನು ವರ್ಷಕ್ಕೆ ₹19,700 ರಿಂದ ₹91,000 ಕ್ಕೆ ಏರಿಸಿದಾಗ ಕೇಂದ್ರಗಳು ಒಟ್ಟಾಗಿ ವಿರೋಧಿಸಿ ಅದನ್ನು ಹಿಂದಕ್ಕೆ ತೆಗೆಸಿದವು.

ಮನೆಯೊಳಗಿನ ಹಿಡಿತಕ್ಕೆ ಬಂದರೆ, 2024ರ ನೀತಿ ಕೇಳುವ ಸಲಹಾ ಮತ್ತು ವಿಷಯ ಸಮಿತಿಯನ್ನು ಹೆಸರಿಗೆ ಮಾಡಬೇಡಿ. ಅದರಲ್ಲಿ ಅರ್ಧ ಮಹಿಳೆಯರಿರಬೇಕೆಂಬುದು ನಿಯಮ. ಬೈಲಾದಲ್ಲಿ ಎರಡು ಸಾಲು ಹೆಚ್ಚು ಬರೆಯಿರಿ: ಸದಸ್ಯರನ್ನು ಮೂರು ವರ್ಷದ ಮೊದಲು ಸಂಸ್ಥೆಯ ಅಧ್ಯಕ್ಷರು ಒಬ್ಬರೇ ತೆಗೆಯುವಂತಿಲ್ಲ, ಜಾಹೀರಾತು ಕೊಡುವವರು, ಚುನಾವಣೆಗೆ ನಿಂತವರು ಸದಸ್ಯರಾಗುವಂತಿಲ್ಲ. ಬ್ರೆಜಿಲ್‌ನಲ್ಲಿ ಆದದ್ದು ತಾಂಡಾದ ಮಟ್ಟದಲ್ಲೂ ಆಗುತ್ತದೆ, ಅದಕ್ಕೆ ರಾಷ್ಟ್ರಾಧ್ಯಕ್ಷರು ಬೇಕಿಲ್ಲ.

ಅಲೆ ಎಲ್ಲಿವರೆಗೆ

ಆಕಾಶವಾಣಿ ದೇಶದ ಶೇ 99ರಷ್ಟು ಜನರನ್ನು ಮುಟ್ಟುತ್ತದೆ ಎಂಬ ಅಂಕಿ ಎಲ್ಲ ಕಡೆ ಸಿಗುತ್ತದೆ. ಅದು ಅಲೆಯ ಲೆಕ್ಕ, ಕಿವಿಯ ಲೆಕ್ಕವಲ್ಲ. ಧಾರವಾಡದ 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ ನಮ್ಮ ಮೂರೂ ಜಿಲ್ಲಾ ಕೇಂದ್ರಗಳಿಗೆ ಹಗಲಲ್ಲಿ ಸಿಗುವಷ್ಟು ಬಲದ್ದು. ನೇರ ಗೆರೆ ಎಳೆದರೆ ಬೆಳಗಾವಿ ಸುಮಾರು 70, ಬಾಗಲಕೋಟೆ 110, ವಿಜಯಪುರ 170 ಕಿಲೋಮೀಟರ್. ಮಧ್ಯಮ ತರಂಗ ನೆಲದ ಮೈಗಂಟಿ ಹರಿಯುತ್ತದೆ, ಗುಡ್ಡಕ್ಕೆ ಹೆದರುವುದಿಲ್ಲ. ಆದರೆ ಅದನ್ನು ಹಿಡಿಯುವ ಸೆಟ್ಟು ಎಷ್ಟು ಮನೆಯಲ್ಲಿದೆ? ಮೊಬೈಲಿನಲ್ಲಿ ಮಧ್ಯಮ ತರಂಗ ಇಲ್ಲವೇ ಇಲ್ಲ. ಇದ್ದ ಟ್ರಾನ್ಸಿಸ್ಟರಿಗೂ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರುಗಳ ಗೊರಗೊರ ಸದ್ದು. ಸೆಟ್ಟನ್ನು ಗೋಡೆಯಿಂದ ದೂರ, ಕಿಟಕಿಯ ಹತ್ತಿರ ಇಟ್ಟು ಅಡ್ಡಕ್ಕೆ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಗೊರಗೊರ ಕಡಿಮೆಯಾಗಿ ಧಾರವಾಡ ತಿಳಿಯಾಗುತ್ತದೆ. ಒಳಗಿರುವ ಫೆರೈಟ್ ಕೋಲು ದಿಕ್ಕು ಹಿಡಿಯುವ ಆಂಟೆನಾ.

ಎಫ್‌ಎಂ ಕಥೆ ಬೇರೆ. ಕೀಪ್ಯಾಡ್ ಫೋನು, ಕಾರು, ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಸ್ಪೀಕರು ಎಲ್ಲದರಲ್ಲೂ ಇದೆ (ನಮ್ಮ ಕಡೆಯ ಟ್ರ್ಯಾಕ್ಟರು ಚಲಿಸುವ ಆರ್ಕೆಸ್ಟ್ರಾ ಎಂಬುದು ಬೇರೆ ಮಾತು). ಹೊಸ ಸ್ಮಾರ್ಟ್‌ಫೋನುಗಳಲ್ಲಿ ಹಲವಕ್ಕೆ ಎಫ್‌ಎಂ ಇಲ್ಲ, ಇದ್ದರೂ ಇಯರ್‌ಫೋನಿನ ತಂತಿಯೇ ಆಂಟೆನಾ. ಆದ್ದರಿಂದ ಅರ್ಜಿ ಹಾಕುವ ಮೊದಲು ನೂರು ಮನೆ ತಿರುಗಿ ಮೂರೇ ಪ್ರಶ್ನೆ ಕೇಳಿ: ಯಾವ ಸಾಧನದಲ್ಲಿ ಕೇಳುತ್ತೀರಿ, ಯಾವ ಹೊತ್ತಿನಲ್ಲಿ, ಕೊನೆಯ ಸಲ ಕೇಳಿದ್ದು ಯಾವಾಗ. ‘ರೇಡಿಯೊ ಬೇಕೇ’ ಎಂದು ಕೇಳಬೇಡಿ. ಬೇಡ ಎನ್ನುವವರು ಯಾರೂ ಸಿಗುವುದಿಲ್ಲ.

ಸಮುದಾಯ ರೇಡಿಯೊಗೆ ಕೊಡುವ ಬಲ 100 ವ್ಯಾಟ್ ವಿಕಿರಣ ಶಕ್ತಿ, ಆಂಟೆನಾ ನೆಲದಿಂದ 30 ಮೀಟರ್ ಮೀರುವಂತಿಲ್ಲ. ಇದರಲ್ಲಿ ಸುತ್ತ 10 ಕಿಲೋಮೀಟರ್ ದೂರವನ್ನು ನಂಬಬಹುದು. ವಿಜಯಪುರದ ಡೋಣಿ ಬಯಲಿನಲ್ಲಿ ಅಡ್ಡವೇನೂ ಇಲ್ಲದ್ದರಿಂದ ಅದಕ್ಕಿಂತ ಮುಂದೆಯೂ ಹೋಗುತ್ತದೆ. ಖಾನಾಪುರದ ಕಾಡು-ಗುಡ್ಡದಲ್ಲಿ 4 ಕಿಲೋಮೀಟರಿಗೇ ಒಂದು ಊರು ಪೂರಾ ಕಿವುಡಾಗಬಹುದು. ನಕ್ಷೆಯ ಮೇಲೆ 10 ಕಿಲೋಮೀಟರಿನ ವೃತ್ತ ಎಳೆದು ಊರು, ತಾಂಡಾ, ತೋಟದ ಮನೆ ಎಣಿಸಿ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯಂಥ ನೇಕಾರರ ಊರಾದರೆ ಒಂದೇ ವೃತ್ತದಲ್ಲಿ ಇಡೀ ಕಸುಬು ಸಿಗುತ್ತದೆ, ಮಗ್ಗದ ಮುಂದೆ ಕೂತವರ ಕಿವಿ ದಿನವಿಡೀ ಖಾಲಿ. ಒಣಬೇಸಾಯದ ಚದುರಿದ ಹಳ್ಳಿಗಳಾದರೆ ವೃತ್ತದಲ್ಲಿ ಜನ ಕಡಿಮೆ. ಅಲ್ಲಿ ಆಕಾಶವಾಣಿಯ ಅರ್ಧ ಗಂಟೆಯೇ ಲಾಭ.

ಬಲ ಸೋರುವ ಜಾಗ ಒಂದನ್ನು ಹತ್ತಿರದಿಂದ ನೋಡಿ. 50 ವ್ಯಾಟ್ ಟ್ರಾನ್ಸ್‌ಮಿಟರಿನಿಂದ ಗೋಪುರದ ತುದಿಗೆ ಸುಮಾರು 45 ಮೀಟರ್ ಕೇಬಲ್ ಬೇಕು. ಅರ್ಧ ಇಂಚಿನ ಗಟ್ಟಿ ಹೊದಿಕೆಯ ಕೋಆ್ಯಕ್ಸ್ ಹಾಕಿದರೆ ನಷ್ಟ 1 ಡೆಸಿಬೆಲ್, ಮೇಲೆ 40 ವ್ಯಾಟ್ ತಲುಪುತ್ತದೆ. 4 ಡೆಸಿಬೆಲ್ ಲಾಭದ ಆಂಟೆನಾ ಅದನ್ನು 100 ಮಾಡುತ್ತದೆ. ರೊಕ್ಕ ಉಳಿಸಲು ತೆಳು ಆರ್‌ಜಿ-213 ಕೇಬಲ್ ತಂದರೆ 3 ಡೆಸಿಬೆಲ್ ಹೋಗುತ್ತದೆ, ಅಂದರೆ ಅರ್ಧಕ್ಕರ್ಧ. ತುದಿಗೆ 25 ವ್ಯಾಟ್, ವಿಕಿರಣ 63. ಅಂಚಿನ ಊರುಗಳು ಅಲ್ಲಿಗೇ ಕಳೆದವು. ಇನ್ನೊಂದು ಶತ್ರು ಆಂಟೆನಾದ ಬಾಯಲ್ಲಿರುವ ಕನೆಕ್ಟರ್. ಮುಂಗಾರಿನ ಮೊದಲ ಮಳೆಗೆ ನೀರು ಒಳಗಿಳಿದು ತಾಮ್ರದ ಜಾಲರಿ ಕಪ್ಪಗಾಗುತ್ತದೆ, ವಾಪಸು ಬರುವ ಶಕ್ತಿ ಏರುತ್ತದೆ, ಯಂತ್ರ ತನ್ನನ್ನು ಉಳಿಸಿಕೊಳ್ಳಲು ಬಲ ಇಳಿಸುತ್ತದೆ. ಸ್ಟುಡಿಯೊದಲ್ಲಿ ಎಲ್ಲ ಸರಿಯಾಗಿ ಕೇಳಿಸುತ್ತಿರುತ್ತದೆ, ದೂರದ ಊರಿನವರು ಮಾತ್ರ ‘ಬರೂದುಲ್ರೀ’ ಎನ್ನುತ್ತಾರೆ. ಕನೆಕ್ಟರಿಗೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಯಂತ್ರದ ಕೋಣೆಗೆ ಹೊಗುವ ಮೊದಲು ಕೇಬಲನ್ನು ಒಂದು ಜೋಲು ಬಿಟ್ಟು ಎಳೆಯಿರಿ, ನೀರು ಅಲ್ಲಿ ತೊಟ್ಟಿಕ್ಕಲಿ. ವಿಎಸ್‌ಡಬ್ಲ್ಯುಆರ್ (ವಾಪಸು ಬರುವ ಶಕ್ತಿ ತೋರಿಸುವ ಅಳತೆ) 1.5 ದಾಟಿದ ದಿನವೇ ಗೋಪುರ ಹತ್ತಿಸಿ.

ಏಪ್ರಿಲ್-ಮೇ ಸಿಡಿಲಿಗೆ ಭೂಸಂಪರ್ಕದ (ಅರ್ಥಿಂಗ್) ರೋಧ 5 ಓಮ್‌ಗಿಂತ ಕೆಳಗಿರಬೇಕು. ಎರೆಮಣ್ಣು ಒದ್ದೆಯಿದ್ದಾಗ ಒಳ್ಳೆಯ ವಾಹಕ. ಬೇಸಿಗೆಯಲ್ಲಿ ಬಿರಿದು ಭೂಸಂಪರ್ಕದ ಕೊಳವೆಯಿಂದ ದೂರ ಸರಿಯುತ್ತದೆ, ಸಿಡಿಲು ಬರುವುದೂ ಆಗಲೇ. ಒಂದರ ಬದಲು ಮೂರು ಗುಂಡಿ ತೋಡಿ ಜೋಡಿಸಿ, ಮಾರ್ಚಿನಿಂದ ವಾರಕ್ಕೊಮ್ಮೆ ನೀರು ಹೊಯ್ಯಿರಿ. ಸ್ಟುಡಿಯೊಗೆ ದುಬಾರಿ ಫೋಮು ಬೇಕಿಲ್ಲ: 10×12 ಅಡಿ ಕೋಣೆಯ ಮೂರು ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ದಪ್ಪ ಕೌದಿ ತೂಗುಹಾಕಿದರೆ ಪ್ರತಿಧ್ವನಿ ಸಾಯುತ್ತದೆ. ಗಿರಣಿಯ ಪಕ್ಕದ ಕೋಣೆಯನ್ನು ಮಾತ್ರ ಯಾವ ಕೌದಿಯೂ ಉಳಿಸದು.

ಫೋನಿನ ದಾರಿಗೆ ಅಲೆಯ ಮಿತಿಯಿಲ್ಲ, ಪರವಾನಗಿಯೂ ಬೇಡ. ಛತ್ತೀಸಗಡದ ಸಿಜಿನೆಟ್ ಸ್ವರ 2010ರಿಂದ ಬರೀ ಫೋನ್ ಕರೆಯ ಮೇಲೆ ಗೊಂಡಿ ಭಾಷೆಯ ಹಳ್ಳಿಗಳ ದೂರು, ಹಾಡು, ಮಾತು ಕೇಳಿಸಿದೆ. ಲಂಬಾಣಿ ತಾಂಡಾಗಳಿಗೆ ಇದು ಒಪ್ಪುವ ಮಾದರಿ. ಗುಳೆ ಹೋದವರೂ ಗೋವಾದಿಂದ, ಪುಣೆಯಿಂದ ಕೇಳಬಹುದು. ಆದರೆ ಕೇಳುಗರು ಹೆಚ್ಚಿದಷ್ಟೂ ಕರೆಯ ಖರ್ಚು ಹೆಚ್ಚುತ್ತದೆ, ರೇಡಿಯೊದಲ್ಲಿ ಹತ್ತು ಜನ ಕೇಳಿದರೂ ಹತ್ತು ಸಾವಿರ ಕೇಳಿದರೂ ಖರ್ಚು ಒಂದೇ. ನೆರೆಯಲ್ಲಿ ಮೊಬೈಲ್ ಗೋಪುರದ ಬ್ಯಾಟರಿ ಸತ್ತ ಮೇಲೆ ಫೋನಿನ ದಾರಿ ಅಲ್ಲಿಗೇ ನಿಂತಿತು.

ಹಾಗಾದರೆ ಯಾವುದು

ನೋಂದಣಿಯಾಗಿ ಮೂರು ವರ್ಷ ಆಗದ ಸಂಸ್ಥೆಗೆ ಸಮುದಾಯ ರೇಡಿಯೊ ಪರವಾನಗಿಯೇ ಸಿಗದು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಕ್ಕೆ, ಲಾಭದ ಕಂಪನಿಗೂ ಇಲ್ಲ. ಅಂಥವರು ಆಕಾಶವಾಣಿಯಲ್ಲಿ ವಾರಕ್ಕೊಂದು ಕಾರ್ಯಕ್ರಮ ಮಾಡುತ್ತ ಕೈ ಪಳಗಿಸಿಕೊಳ್ಳಲಿ. ವಿಷಯ ಇಡೀ ಜಿಲ್ಲೆಯದಾಗಿದ್ದರೆ, ಉದಾಹರಣೆಗೆ ಬೆಳೆ ವಿಮೆಯ ಕೊನೆಯ ದಿನ, ಅರ್ಹ ಸಂಸ್ಥೆಗಳಿಗೂ ಅದೇ ಸರಿ. ಸಮಯ ಕೇಳುವಾಗ ‘ಒಂದು ಗಂಟೆ ಕೊಡಿ’ ಎನ್ನಬೇಡಿ. 15 ನಿಮಿಷದ 13 ಕಂತುಗಳ ಹೆಸರು, ವಿಷಯ, ಮಾತಾಡುವವರ ಪಟ್ಟಿ ಹಿಡಿದುಕೊಂಡು ಹೋಗಿ. ಮೂರು ತಿಂಗಳ ಒಂದು ಸರಣಿ ಅಲ್ಲಿ ವೇಳಾಪಟ್ಟಿಗೆ ಸುಲಭವಾಗಿ ಕೂರುತ್ತದೆ.

ಹತ್ತು ಕಿಲೋಮೀಟರಿನ ವೃತ್ತದಲ್ಲಿ ಜನ ಒತ್ತಾಗಿದ್ದು, ಮಾತು ದಿನವೂ ಇದ್ದು, ಮೂರು ಬೇರೆ ಬೇರೆ ಜೇಬುಗಳಿಂದ ಎರಡು ವರ್ಷದ ಖರ್ಚು ಕಾಣುತ್ತಿದ್ದರೆ ಸ್ವಂತ ರೇಡಿಯೊಗೆ ಹೋಗಿ. ಬೆಳಗಾವಿಯ ಗಡಿಭಾಗಕ್ಕೆ ಇದರಲ್ಲಿ ಇನ್ನೊಂದು ಅನುಕೂಲ: ಕನಿಷ್ಠ ಅರ್ಧ ಕಾರ್ಯಕ್ರಮ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ, ಆದಷ್ಟೂ ಸ್ಥಳೀಯ ಭಾಷೆಯಲ್ಲಿ ಆಗಬೇಕೆಂಬ ನಿಯಮ ಕನ್ನಡಕ್ಕೂ ಮರಾಠಿಗೂ ಜಾಗ ಮಾಡಿಕೊಡುತ್ತದೆ. ಕೆಎಲ್‌ಇಯ ವೇಣುಧ್ವನಿ (90.4) ಬೆಳಗಾವಿಯಲ್ಲಿ, ಕೃಷಿ ವಿಶ್ವವಿದ್ಯಾಲಯದ ರೇಡಿಯೊ ಧಾರವಾಡದಲ್ಲಿ ಇವೆ. ಒಂದು ದಿನ ಅಲ್ಲಿ ಕೂತು ಯಂತ್ರದ ಬದಲು ಖರ್ಚಿನ ಪುಸ್ತಕ ತೋರಿಸಿ ಎಂದು ಕೇಳಿ.

ಅರ್ಜಿ ಹೋಗುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಜಾಲತಾಣದ ಮೂಲಕ. ಗೃಹ, ರಕ್ಷಣಾ, ದೂರಸಂಪರ್ಕ ಇಲಾಖೆಗಳ ಒಪ್ಪಿಗೆ ಆದಮೇಲೆ ಆಶಯ ಪತ್ರ (ಲೆಟರ್ ಆಫ್ ಇಂಟೆಂಟ್) ಬರುತ್ತದೆ. ಆಮೇಲೆ ತರಂಗಾಂತರ ಮತ್ತು ಗೋಪುರದ ಜಾಗದ ಅನುಮತಿ, ಅನುಮತಿ ಒಪ್ಪಂದಕ್ಕೆ ಸಹಿ, ಯಂತ್ರ ಜೋಡಣೆ, ಕೊನೆಗೆ ಕಾರ್ಯಾಚರಣೆ ಪರವಾನಗಿ. ಆಶಯ ಪತ್ರ ಬಂತೆಂದು ಯಂತ್ರಕ್ಕೆ ಮುಂಗಡ ಕೊಡಬೇಡಿ. ತರಂಗಾಂತರ ಗೊತ್ತಾಗದೆ ಆಂಟೆನಾ ಕತ್ತರಿಸಲಾಗದು, 90.4ಕ್ಕೆ ಅರ್ಧ ಅಲೆಯ ಕೋಲು ಸುಮಾರು 1.58 ಮೀಟರ್, 107.8ಕ್ಕೆ 1.32. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ ಗೋಪುರದ ಎತ್ತರಕ್ಕೆ ಆಕ್ಷೇಪ ಬರುವ ಸಾಧ್ಯತೆ ಹೆಚ್ಚು, ಅಲ್ಲಿನವರು ಜಾಗದ ಅಕ್ಷಾಂಶ-ರೇಖಾಂಶ ಬರೆಯುವಾಗ ಒಂದು ಅಂಕಿ ತಪ್ಪಿದರೂ ಕಡತ ವಾಪಸು. ಉಪಕರಣಕ್ಕೆ ಕೇಂದ್ರದ ನೆರವು ಗರಿಷ್ಠ ₹7.5 ಲಕ್ಷ. ನಿಮ್ಮ ಪಾಲಿನ ರೊಕ್ಕ ಮೊದಲೇ ಬ್ಯಾಂಕಿನಲ್ಲಿರಲಿ.

ಪ್ರಸಾರ ಮಾಡಿದ್ದೆಲ್ಲವನ್ನೂ ಮೂರು ತಿಂಗಳು ಕಾಪಿಡಬೇಕು. ದಿನಕ್ಕೆ 8 ಗಂಟೆಯಂತೆ 90 ದಿನಕ್ಕೆ 720 ಗಂಟೆ. 128 ಕೆಬಿಪಿಎಸ್ ಎಂಪಿ3 ಆದರೆ ಗಂಟೆಗೆ 57.6 ಎಂಬಿ, ಒಟ್ಟು 41.5 ಜಿಬಿ. ಒಂದು 64 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಇನ್ನೊಂದು ಪ್ರತಿ ಸ್ಟುಡಿಯೊದ ಹೊರಗೆ ಇರಲಿ, ಸಂಸ್ಥೆಯ ಅಧ್ಯಕ್ಷರ ಮನೆಯಲ್ಲಿ ಅಲ್ಲ, ವಿಷಯ ಸಮಿತಿಯ ಕಾರ್ಯದರ್ಶಿಯ ಬಳಿ.